ಅವಳ ಮಾತು ಅವಳದ್ದು: ಥ್ರಿಲ್ಲರ್ ಸಿನಿಮಾ ಮಾಡುವವರಿಗೆ ಕಲಬುರಗಿಯಿಂದ ಒಂದು ಬಹಿರಂಗ ಪತ್ರ

ಕನ್ನಡದಲ್ಲಿ ಥ್ರಿಲ್ಲರ್ ಸಿನಿಮಾ ಬರೆಯುವವರಿಗೆ, ಮಾಡುವವರಿಗೆ, ಅದಕ್ಕೆ ದುಡ್ಡು ಹಾಕುವವರಿಗೆ ನಮಸ್ಕಾರ.

ನಮ್ಮ ಕಲಬುರಗಿಯ ಕೆಲವು ಹುಡುಗರು ಒಂದು ಕತೆ ಬರೆಯುತ್ತಿದ್ದಾರೆ. ಒಬ್ಬ ಮನೋವೈದ್ಯ, ಅವನ ಮಗುವಿನ ಕಿಡ್ನ್ಯಾಪ್, ಮಗು ಬೇಕಾದರೆ ಆಸ್ಪತ್ರೆಯಲ್ಲಿರುವ ಒಬ್ಬ ರೋಗಿಯ ಬಾಯಿ ಬಿಡಿಸಬೇಕು. ಸಂಜೆಯೊಳಗೆ. ನಮ್ಮ ಅಕ್ಕನಿಗೆ ಬಹಳ ವರ್ಷಗಳಿಂದ ಮನೋರೋಗದ ಚಿಕಿತ್ಸೆ ನಡೆಯುತ್ತಿದೆ ಅಂತ ಅವರಿಗೆ ಗೊತ್ತು. ಅದಕ್ಕೇ ಸ್ಕ್ರಿಪ್ಟ್ ತಂದು ನನಗೆ ಓದಲು ಕೊಟ್ಟರು. ಓದಿದೆ. ಅವರಿಗೆ ಹೇಳಬೇಕಾದ್ದನ್ನು ಹೇಳಿದೆ. ಆಮೇಲೆ ಅನ್ನಿಸಿತು, ಇದು ಆ ಹುಡುಗರಿಗೆ ಮಾತ್ರ ಹೇಳುವ ಮಾತಲ್ಲ, ಬೆಂಗಳೂರಿನಲ್ಲಿ ಕೂತು ಇಂಥದ್ದೇ ಕತೆ ಬರೆಯುತ್ತಿರುವ ಎಲ್ಲರಿಗೂ ಹೇಳಬೇಕು ಅಂತ. ಅಕ್ಕನನ್ನು ಕೇಳಿಯೇ ಬರೆಯುತ್ತಿದ್ದೇನೆ. ಅವಳು ಬರೆ ಅಂದಷ್ಟನ್ನು ಮಾತ್ರ ಬರೆಯುತ್ತೇನೆ.

ಈ ಬಗೆಯ ಕತೆ ಅಂದ ಕೂಡಲೇ ನೆನಪಾಗುವುದು 2001ರಲ್ಲಿ ಬಂದ ಹಾಲಿವುಡ್ ಸಿನಿಮಾ ‘ಡೋಂಟ್ ಸೇ ಎ ವರ್ಡ್’. ಗ್ಯಾರಿ ಫ್ಲೆಡರ್ ನಿರ್ದೇಶನ. ಮೈಕಲ್ ಡಗ್ಲಸ್ ನ್ಯೂಯಾರ್ಕಿನ ಮನೋವೈದ್ಯ. ಹೆಂಡತಿ ಕಾಲು ಮುರಿದುಕೊಂಡು ಹಾಸಿಗೆಯಲ್ಲಿದ್ದಾಳೆ. ಅಲ್ಲಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಬೆಳಿಗ್ಗೆ ಎದ್ದರೆ ಎಂಟು ವರ್ಷದ ಮಗಳು ಮನೆಯಲ್ಲಿಲ್ಲ. ಫೋನ್ ಬರುತ್ತದೆ. ಆಸ್ಪತ್ರೆಯಲ್ಲಿ ಎಲಿಸಬೆತ್ ಅಂತ ಒಬ್ಬ ಹುಡುಗಿ ಇದ್ದಾಳೆ, ಅವಳ ತಲೆಯಲ್ಲಿ ಆರು ಅಂಕಿಯ ಒಂದು ನಂಬರ್ ಇದೆ, ಸಂಜೆ 5 ಗಂಟೆಯೊಳಗೆ ಅದನ್ನು ಹೊರಗೆ ತೆಗೆದು ಕೊಡು, ಪೊಲೀಸರಿಗೆ ಹೇಳಿದರೆ ಮಗಳು ಉಳಿಯುವುದಿಲ್ಲ ಅಂತ. ಮನೆಯಲ್ಲೆಲ್ಲ ಕ್ಯಾಮೆರಾ ಇಟ್ಟು ಹೆಂಡತಿಯನ್ನೂ ನೋಡುತ್ತಿರುತ್ತಾರೆ.

ಎಲಿಸಬೆತ್ ಆಗಿ ನಟಿಸಿರುವುದು ಬ್ರಿಟನಿ ಮರ್ಫಿ. ಚಿಕ್ಕವಳಿದ್ದಾಗ ಅವಳ ಅಪ್ಪನನ್ನು ಈ ಕಳ್ಳರೇ ಅವಳ ಕಣ್ಣೆದುರು ರೈಲಿಗೆ ತಳ್ಳಿ ಕೊಂದಿದ್ದಾರೆ. ಹತ್ತು ವರ್ಷದ ಹಿಂದೆ ಕದ್ದ ಒಂದು ರತ್ನ ಅವಳ ಗೊಂಬೆಯೊಳಗಿದೆ, ಆ ಗೊಂಬೆ ಅಪ್ಪನ ಶವಪೆಟ್ಟಿಗೆಯಲ್ಲಿದೆ, ಆ ಪೆಟ್ಟಿಗೆಯ ನಂಬರೇ ಇವರಿಗೆ ಬೇಕು. ಅಪ್ಪನನ್ನು ಹೂತಿರುವುದು ಹಾರ್ಟ್ ಐಲ್ಯಾಂಡಿನಲ್ಲಿ. ಅದು ನಿಜವಾಗಿಯೂ ಇರುವ ಜಾಗ. ನ್ಯೂಯಾರ್ಕ್ ನಗರ 1869ರಿಂದ ದಿಕ್ಕಿಲ್ಲದವರನ್ನು, ಬಡವರನ್ನು ಅಲ್ಲಿ ಹೂಳುತ್ತಾ ಬಂದಿದೆ, ಹತ್ತು ಲಕ್ಷಕ್ಕೂ ಜಾಸ್ತಿ ಜನ ಅಲ್ಲಿದ್ದಾರೆ.

ಸಿನಿಮಾದಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ವಿಷಯ. ಆ ಹುಡುಗಿ ತನಗಿಲ್ಲದ ರೋಗಲಕ್ಷಣಗಳನ್ನು ಬೇರೆಯವರನ್ನು ನೋಡಿ ಕಲಿತು ತೋರಿಸುತ್ತಾ ಆಸ್ಪತ್ರೆಯಲ್ಲೇ ಉಳಿದಿರುತ್ತಾಳೆ. ಯಾಕೆ? ಹೊರಗೆ ಬಂದರೆ ಆ ಕಳ್ಳರ ಕೈಗೆ ಸಿಗುತ್ತಾಳೆ. ಅವಳ ಮೌನ ಹುಚ್ಚಲ್ಲ, ಬದುಕುವ ಉಪಾಯ. ಇದನ್ನು ಬರೆದವರು ಒಳ್ಳೆಯ ಜಾಗಕ್ಕೇ ಕೈ ಹಾಕಿದ್ದಾರೆ. ಆದರೆ ಗಡಿಯಾರ ಓಡಲು ಶುರುವಾದ ಮೇಲೆ ಸಿನಿಮಾ ಅವಳನ್ನು ತಿಜೋರಿಯ ಹಾಗೆ ನೋಡುತ್ತದೆ. ಒಳ್ಳೆಯವನಿಗೂ ನಂಬರ್ ಬೇಕು, ಕೆಟ್ಟವನಿಗೂ ನಂಬರ್ ಬೇಕು. ಮಗಳು ಉಳಿಯುತ್ತಾಳಾ ಅಂತ ನಾವೂ ಉಸಿರು ಬಿಗಿ ಹಿಡಿದು ಕೂತು, ಮನಸ್ಸಿನಲ್ಲೇ ಆ ಹುಡುಗಿಗೆ ಹೇಳುತ್ತಿರುತ್ತೇವೆ: ಹೇಳಿಬಿಡು, ಬೇಗ ಹೇಳಿಬಿಡು.

ಅಲ್ಲೇ ನನ್ನ ತಕರಾರು. ಅವಳ ಮಾತನ್ನು ಹೊರಗೆಳೆಯುವ ಹಕ್ಕು ಯಾರಿಗಿದೆ?

ಇದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಈ ಪ್ರಶ್ನೆ ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿ ಉತ್ತರ ತಂದಿದೆ. ಒಂದು ಕಾಲದಲ್ಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶಕ್ಕೆಲ್ಲ ಹೆಸರಾಗಿತ್ತು, ನಿಮಗೆ ನೆನಪಿರಬಹುದು. ಆರೋಪಿಗೆ ಸೋಡಿಯಂ ಪೆಂಟೋಥಾಲ್ ಚುಚ್ಚಿ, ಅರೆನಿದ್ದೆಯಲ್ಲಿ ಮಾತಾಡಿಸಿ, ಆ ವಿಡಿಯೋ ಟಿವಿಯಲ್ಲೂ ಬರುತ್ತಿತ್ತು. 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಒಪ್ಪಿಗೆ ಇಲ್ಲದೆ ಯಾರಿಗೂ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಮಾಡುವಂತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಒತ್ತಾಯಿಸಬಾರದು ಅನ್ನುವ ಸಂವಿಧಾನದ 20(3)ನೇ ವಿಧಿ, ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ 21ನೇ ವಿಧಿ ಎರಡನ್ನೂ ಅದಕ್ಕೆ ಆಧಾರ ಮಾಡಿಕೊಂಡಿತು. ಕೊಲೆ ಆರೋಪಿಯ ಮನಸ್ಸಿಗೇ ಒಪ್ಪಿಗೆ ಇಲ್ಲದೆ ಕೈ ಹಾಕಬಾರದು ಅಂದ ಮೇಲೆ, ಯಾವ ತಪ್ಪೂ ಮಾಡದೆ ವಾರ್ಡಿನಲ್ಲಿ ಮಲಗಿರುವ ಹುಡುಗಿಯ ಮನಸ್ಸಿಗೆ ನಮ್ಮ ಸಿನಿಮಾ ಹೀರೋ ಹೇಗೆ ಕೈ ಹಾಕುತ್ತಾನೆ?

ಆ ಹುಡುಗರ ಸ್ಕ್ರಿಪ್ಟಿನಲ್ಲಿ ಡಾಕ್ಟರ್ ಒಂದು ಇಂಜೆಕ್ಷನ್ ಕೊಡುತ್ತಾನೆ, ಹುಡುಗಿ ಗಳಗಳ ಎಲ್ಲ ಹೇಳಿಬಿಡುತ್ತಾಳೆ. ಚಪ್ಪಾಳೆ ಬೀಳುವ ಜಾಗ ಅಂತ ಅವರು ಅದನ್ನು ಇಟ್ಟಿದ್ದರು. ಅದನ್ನು ತೆಗೆಯಿರಿ ಅಂತ ಹೇಳಿದೆ. ಮಾತೇ ಆಡದೆ, ಅಲುಗಾಡದೆ ಕಲ್ಲಿನಂತೆ ಕೂತುಬಿಡುವ ಸ್ಥಿತಿ ಒಂದಿದೆ, ಕ್ಯಾಟಟೋನಿಯಾ ಅನ್ನುತ್ತಾರೆ. ಅದಕ್ಕೆ ಲೊರಾಜೆಪಾಮ್ ಕೊಟ್ಟರೆ ಕೆಲವರು ಬಹಳ ಬೇಗ ಮಾತಾಡಲು ಶುರು ಮಾಡುತ್ತಾರೆ, ಇದು ನಿಜ. ಆದರೆ ಹಾಗೆ ಎದ್ದವರು ಮೊದಲು ನೀರು ಕೇಳುತ್ತಾರೆ, ಅವ್ವನನ್ನು ಕೇಳುತ್ತಾರೆ. ಗುಟ್ಟು ಒಪ್ಪಿಸುವುದಿಲ್ಲ. ಅದು ಮತ್ತೆ ಮನುಷ್ಯರ ನಡುವೆ ಬರಲು ಕೊಡುವ ಔಷಧ.

ಈಗ ಕಾನೂನಿನ ಮಾತು. ಬೇಜಾರಾಗಬೇಡಿ, ನಿಮ್ಮ ಕತೆಗೆ ಬೇಕಾದ ಜೀವ ಇಲ್ಲೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 23ನೇ ಸೆಕ್ಷನ್ ಪ್ರಕಾರ ರೋಗಿಯ ವಿಷಯ ಗುಟ್ಟಾಗಿರಬೇಕು. ಕೆಲವೇ ಸಂದರ್ಭದಲ್ಲಿ ವಿನಾಯಿತಿ ಇದೆ. ಅದರಲ್ಲೊಂದು, ಬೇರೆ ವ್ಯಕ್ತಿಯನ್ನು ಹಿಂಸೆಯಿಂದ ಕಾಪಾಡಲು. ಅದೂ ಆ ಅಪಾಯ ತಪ್ಪಿಸಲು ಎಷ್ಟು ಬೇಕೋ ಅಷ್ಟು ಮಾಹಿತಿ ಮಾತ್ರ. ಈಗ ನಿಮ್ಮ ಡಾಕ್ಟರನ್ನು ಈ ಜಾಗದಲ್ಲಿ ನಿಲ್ಲಿಸಿ ನೋಡಿ. ಮಗಳು ಕಳ್ಳರ ಕೈಯಲ್ಲಿ. ರೋಗಿ ಅವನನ್ನು ನಂಬಿ ಒಂದು ಮಾತು ಹೇಳಿದ್ದಾಳೆ. ಅದನ್ನು ಪೊಲೀಸರಿಗೆ ಹೇಳಬಹುದು, ಕಾನೂನು ಬಿಡುತ್ತದೆ. ಕಿಡ್ನ್ಯಾಪರ್‌ಗೆ ಹೇಳುವಂತಿಲ್ಲ. ಪೊಲೀಸರಿಗೆ ಹೇಳಿದರೆ ಮಗಳು ಹೋಗುತ್ತಾಳೆ ಅನ್ನುವ ಭಯ. ಕಿಡ್ನ್ಯಾಪರ್‌ಗೆ ಹೇಳಿದರೆ ಆ ರೋಗಿಯನ್ನು ಅವರು ಬಿಡುವುದಿಲ್ಲ ಅನ್ನುವುದು ಖಾತ್ರಿ, ಯಾಕೆಂದರೆ ನೋಡಿದವಳು ಅವಳೇ ಅಲ್ವಾ. ಎರಡು ಮಕ್ಕಳ ಜೀವ, ಒಂದು ಅವನದು, ಇನ್ನೊಂದು ಯಾರದೋ ಸತ್ತ ಅಪ್ಪನದು. ಚೇಸಿಂಗ್, ಫೈಟಿಂಗ್ ಏನೂ ಇಲ್ಲದೆ ಒಂದು ರೂಮಿನಲ್ಲಿ ಇದನ್ನು ತೋರಿಸಿದರೂ ನಾನು ಸೀಟಿನಿಂದ ಏಳುವುದಿಲ್ಲ.

ಇನ್ನೊಂದು ಕೇಳಿಕೆ. ಅವಳಿಗೆ ನಿಜ ಹೇಳಲಿ. ‘ನನ್ನ ಮಗಳನ್ನು ಹಿಡಿದುಕೊಂಡಿದ್ದಾರೆ, ನನಗೆ ಸಹಾಯ ಮಾಡ್ತೀಯಾ, ಬೇಡ ಅಂದರೂ ನಿನಗೆ ಏನೂ ಆಗದ ಹಾಗೆ ನೋಡಿಕೊಳ್ತೀನಿ’ ಅಂತ ಒಬ್ಬ ಡಾಕ್ಟರ್ ರೋಗಿಯ ಮುಂದೆ ಕೂತು ಕೇಳಲಿ. ಆಗ ಅವಳು ಹೇಳಿದರೆ ಅದು ಅವಳ ತೀರ್ಮಾನ. ಆ ಹಳೆಯ ಸಿನಿಮಾದಲ್ಲೂ ಡಾಕ್ಟರ್ ಒಂದು ಹಂತದಲ್ಲಿ ಮಗಳ ವಿಷಯ ಅವಳ ಮುಂದೆ ಬಿಚ್ಚಿಡುತ್ತಾನೆ, ಮಾತು ನಿಜವಾಗಿ ಶುರುವಾಗುವುದು ಅದರ ನಂತರವೇ. ಅದನ್ನೇ ಕತೆಯ ನಡುಮನೆಗೆ ತನ್ನಿ ಅನ್ನುವುದು ನನ್ನ ಮಾತು.

ಕಿಡ್ನ್ಯಾಪ್ ಅಂದರೆ ಏನು ಅಂತ ಕನ್ನಡದವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ಅಣ್ಣಾವ್ರನ್ನು ವೀರಪ್ಪನ್ ಕರೆದುಕೊಂಡು ಹೋದ ಮೇಲೆ 108 ದಿನ ಇಡೀ ರಾಜ್ಯ ಕಾದಿತು. ಆಗ ನಾವು ತಿಳಿದದ್ದು ಕಾಯುವವರ ಪಾಡು. ನಿಮ್ಮ ಸಿನಿಮಾದಲ್ಲಿ ಗನ್ನಿಗಿಂತ ಆ ಪಾಡು ಜಾಸ್ತಿ ಕಾಣಲಿ.

ಇದನ್ನೆಲ್ಲ ಕಲಬುರಗಿಯಿಂದ ಯಾಕೆ ಬರೆಯಬೇಕು ಅಂತ ಕೇಳಬಹುದು. ಯಾಕೆಂದರೆ ನಮ್ಮ ಕಡೆ ಮನೋವೈದ್ಯ ಅಂದರೆ ಯಾರು ಅಂತ ಬಹಳ ಜನಕ್ಕೆ ಗೊತ್ತಾಗುವುದು ಸಿನಿಮಾದಿಂದಲೇ. 2015–16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ದೊಡ್ಡವರಲ್ಲಿ ನೂರಕ್ಕೆ ಹತ್ತಕ್ಕೂ ಜಾಸ್ತಿ ಜನಕ್ಕೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆ ಇರಲಿಲ್ಲ. ರೋಗಕ್ಕೆ ತಕ್ಕಂತೆ ಆ ಕೊರತೆ ನೂರಕ್ಕೆ 70ರಿಂದ 92ರವರೆಗೆ. ಅಂದರೆ ನಿಜವಾದ ಡಾಕ್ಟರನ್ನು ನೋಡುವ ಮೊದಲು ಜನ ನಿಮ್ಮ ಡಾಕ್ಟರನ್ನು ನೋಡಿರುತ್ತಾರೆ.

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರ ನಿಮಗೆ ಗೊತ್ತಿರಬೇಕು. ಭೀಮಾ–ಅಮರ್ಜಾ ಸಂಗಮ, ದತ್ತಾತ್ರೇಯನ ಗುಡಿ. ಮಧ್ಯಾಹ್ನದ ಮಹಾಮಂಗಳಾರತಿ ಹೊತ್ತಿಗೆ ಮೈಮೇಲೆ ಗಾಳಿ ಬಂದಿದೆ ಅನ್ನುವ ಹೆಣ್ಣುಮಕ್ಕಳು ಕಂಬ ಹಿಡಿದು, ಕಂಬಿ ಹತ್ತಿ ಕೂಗುವುದನ್ನು ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ. ದೂರದ ಊರುಗಳಿಂದ, ಮಹಾರಾಷ್ಟ್ರದಿಂದ ಬರುತ್ತಾರೆ. ಅಲ್ಲಿ ಬರುವವರ ಬಗ್ಗೆ ನನಗೆ ತಾತ್ಸಾರ ಇಲ್ಲ. ಮನೆಯಲ್ಲಿ ಯಾರೂ ಕೇಳದ ಕೂಗನ್ನು ಅಲ್ಲಿ ನಾಲ್ಕು ಜನ ಕೇಳುತ್ತಾರೆ, ಹೊರಗೆ ಹಾಕುವುದಿಲ್ಲ. ನಮ್ಮ ಅವ್ವನೂ ಅಕ್ಕನನ್ನು ಕರೆದುಕೊಂಡು ಹೋಗಿದ್ದಾಳೆ. ಗುಡಿಗೂ ಹೋಗಿ, ದರ್ಗಾಕ್ಕೂ ಹೋಗಿ, ಜೊತೆಗೆ ದವಾಖಾನೆಗೂ ಬನ್ನಿ, ಅಷ್ಟೇ ನಾನು ಎಲ್ಲರಿಗೂ ಹೇಳುವುದು. ಆದರೆ ದವಾಖಾನೆ ಅಂದ ಕೂಡಲೇ ಜನ ಹೆದರುತ್ತಾರೆ, ಆ ಹೆದರಿಕೆ ಎಲ್ಲಿಂದ ಬಂತು ಅಂತ ಕೇಳುತ್ತಾ ಹೋದರೆ ಬಹಳ ಸಲ ಒಂದು ಸಿನಿಮಾ ಸೀನಿಗೆ ಬಂದು ನಿಲ್ಲುತ್ತೇವೆ.

ಅಕ್ಕ ಊಟ ಬಿಟ್ಟಿದ್ದಳು, ಮಾತು ಬಿಟ್ಟಿದ್ದಳು. ಡಾಕ್ಟರು ಇಸಿಟಿ ಕೊಡಬೇಕು ಅಂದರು. ಕರೆಂಟ್ ಚಿಕಿತ್ಸೆ ಅಂತಾರಲ್ಲ, ಅದು. ಮನೆಯಲ್ಲಿ ದೊಡ್ಡ ಗಲಾಟೆ. ನಮ್ಮ ಕಾಕಾ ಎದ್ದು ನಿಂತು, ‘ಪಿಚ್ಚರ್‌ದಾಗ ನೋಡಿಲ್ಲೇನು, ಕೈಕಾಲು ಕಟ್ಟಿ ಕರೆಂಟ್ ಹಿಡಿತಾರ, ಹುಡುಗಿ ಉಳಿಯಂಗಿಲ್ಲ, ನಾ ಸಹಿ ಮಾಡಂಗಿಲ್ಲ’ ಅಂದರು. ಓಣಿಯ ಮಂದಿಯೂ ಅದನ್ನೇ ಅಂದರು, ‘ಬ್ಯಾಡ ಯವ್ವಾ, ಅಕಿ ಹೆಂಗದಾಳೋ ಹಂಗೇ ಇರ್ಲಿ’ ಅಂತ. ಕಾಕಾ ಕೆಟ್ಟವರಲ್ಲ. ಅಕ್ಕನ ಮೇಲೆ ಅವರಿಗಿದ್ದಷ್ಟು ಜೀವ ಇನ್ಯಾರಿಗೂ ಇರಲಿಲ್ಲ. ಅವರು ನೋಡಿದ್ದನ್ನು ಅವರು ನಂಬಿದ್ದರು. ಆ ಗಲಾಟೆ ಮುಗಿಯುವ ಹೊತ್ತಿಗೆ ಅಕ್ಕ ಬಹಳ ಸೊರಗಿದ್ದಳು. ಕೊನೆಗೆ ಕೊಟ್ಟಾಗ ಅವಳು ಅರಿವಳಿಕೆಯಲ್ಲಿ ನಿದ್ದೆ ಮಾಡುತ್ತಿದ್ದಳು. ಕೂಗಲಿಲ್ಲ, ಒದ್ದಾಡಲಿಲ್ಲ. ಎದ್ದ ಮೇಲೆ ತಲೆನೋವು ಅಂದಳು, ಸ್ವಲ್ಪ ಮರೆವು ಇತ್ತು. ಚಿಕಿತ್ಸೆ ಮುಂದುವರಿದ ಹಾಗೆ ಊಟಕ್ಕೆ ಕೂತಳು. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಇಲ್ಲದೆ ಇಸಿಟಿ ಕೊಡುವುದನ್ನು 2017ರ ಕಾಯ್ದೆಯ 95ನೇ ಸೆಕ್ಷನ್ ನಿಷೇಧಿಸಿದೆ. ಆದರೂ ನಮ್ಮ ಸಿನಿಮಾಗಳಲ್ಲಿ ಇನ್ನೂ ಹಲ್ಲು ಕಚ್ಚಿ, ಕಣ್ಣು ಹೊರಗೆ ಬಂದು, ಹಿಂದೆ ವಯೊಲಿನ್ ಕಿರುಚುವ ಸೀನೇ ಬರುತ್ತಿದೆ. ಆ ಸೀನ್ ಬರೆಯುವಾಗ ದಯವಿಟ್ಟು ನಮ್ಮ ಕಾಕಾನನ್ನು ನೆನಪು ಮಾಡಿಕೊಳ್ಳಿ.

ಅದೇ ಸೆಕ್ಷನ್ ಇನ್ನೊಂದು ಮಾತು ಹೇಳುತ್ತದೆ: ಮನೋರೋಗಿಗಳನ್ನು ಯಾವ ರೀತಿಯಲ್ಲೂ ಸರಪಳಿಯಿಂದ ಕಟ್ಟುವಂತಿಲ್ಲ. ಆ ಮಾತಿನ ಹಿಂದೆ ಹೆಣಗಳಿವೆ. ಆ ಹಾಲಿವುಡ್ ಸಿನಿಮಾ ಬಂದ ವರ್ಷವೇ, ಅದಕ್ಕೆ ಕೆಲವು ವಾರ ಮುಂಚೆ, 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ದರ್ಗಾದ ಹತ್ತಿರದ ಒಂದು ಖಾಸಗಿ ಆಶ್ರಯದಲ್ಲಿ ಬೆಂಕಿ ಬಿದ್ದು, ಸರಪಳಿ ಕಟ್ಟಿದ್ದರಿಂದ ಓಡಲಾಗದೆ 28 ಜನ ಸತ್ತರು. ಸೆಟ್ ಹಾಕುವಾಗ ವಾರ್ಡಿಗೆ ಒಂದು ಸರಪಳಿ, ಮಂದ ಬೆಳಕು, ಸೋರುವ ಗೋಡೆ ಇಟ್ಟರೆ ಚೆನ್ನಾಗಿ ಕಾಣುತ್ತದೆ ಅಂತ ಯಾರಾದರೂ ಅಂದರೆ ಇದನ್ನು ಹೇಳಿ.

ನಮ್ಮಲ್ಲಿ ಬೇರೆ ದಾರಿಯೇ ಇಲ್ಲ ಅಂತಲ್ಲ. ಮಾನಸಿಕ ಚಿಕಿತ್ಸೆಯನ್ನು ಜಿಲ್ಲೆಗೆ, ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ತರಬಹುದು ಅಂತ ನಿಮ್ಹಾನ್ಸ್ ದೇಶಕ್ಕೆ ತೋರಿಸಿಕೊಟ್ಟಿದ್ದು ನಮ್ಮ ಕಲ್ಯಾಣ ಕರ್ನಾಟಕದ ಬಳ್ಳಾರಿಯಲ್ಲೇ, 1985ರಿಂದ 1990ರವರೆಗೆ. ಆ ಬಳ್ಳಾರಿ ಮಾದರಿಯ ಮೇಲೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಈಗ ಮನೋಚೈತನ್ಯ ಅಂತ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಯೋಜನೆ ಇದೆ. ಆ ಸಾಲಿನಲ್ಲಿ ಒಂದು ದಿನ ಕೂತು ನೋಡಿ. ಒಬ್ಬ ಡಾಕ್ಟರ್, ಹೊರಗೆ ಉದ್ದ ಸಾಲು, ತೊಗರಿ ಕೊಯ್ಲು ಬಿಟ್ಟು ಬಂದ ಗಂಡ, ಬುತ್ತಿ ಕಟ್ಟಿಕೊಂಡು ಬಂದ ಮುದುಕಿ, ಒಬ್ಬೊಬ್ಬರಿಗೆ ಕೆಲವೇ ನಿಮಿಷ. ಮನೋವೈದ್ಯ ಒತ್ತಡದಲ್ಲಿದ್ದಾನೆ ಅಂತ ತೋರಿಸಲು ನಮ್ಮಲ್ಲಿ ಕಿಡ್ನ್ಯಾಪರ್ ಬರುವ ಮೊದಲೇ ಬೇಕಾದಷ್ಟು ಸಾಮಗ್ರಿ ಇದೆ.

ನಮ್ಮ ಹಿಂದಿನವರು ಇದನ್ನು ಚೆನ್ನಾಗಿ ಮಾಡಿದ್ದಾರೆ. ಮನಃಶಾಸ್ತ್ರ ಓದಿದ್ದ ತ್ರಿವೇಣಿಯವರ ಕಾದಂಬರಿ ಇಟ್ಟುಕೊಂಡು ಪುಟ್ಟಣ್ಣ ‘ಶರಪಂಜರ’ ಮಾಡಿದರು. ಕಲ್ಪನಾ ಅವರ ಕಾವೇರಿ ಗುಣವಾಗಿ ಆಸ್ಪತ್ರೆಯಿಂದ ಮನೆಗೆ ಬರುತ್ತಾಳೆ. ರೋಗ ಬಿಟ್ಟಿರುತ್ತದೆ, ಜನ ಬಿಡುವುದಿಲ್ಲ. ಅವಳು ಜೋರಾಗಿ ನಕ್ಕರೂ ಮನೆಯವರು ಅನುಮಾನದಿಂದ ನೋಡುತ್ತಾರೆ. ಅದಕ್ಕಿಂತ ದೊಡ್ಡ ಸಸ್ಪೆನ್ಸ್ ಯಾವುದಿದೆ? ನಮ್ಮ ಅಕ್ಕ ಆ ಸಿನಿಮಾವನ್ನು ಒಮ್ಮೆ ಟಿವಿಯಲ್ಲಿ ಪೂರ್ತಿ ನೋಡಿ, ‘ಇದು ಖರೇ ಅದ’ ಅಂದಳು. ಬೇರೆ ಏನೂ ಹೇಳಲಿಲ್ಲ.

ಹಾಗಾಗಿ ನಾನು ಕೇಳುವುದು ಇಷ್ಟು. ಕತೆ ಬರೆಯುವಾಗಲೇ ಚಿಕಿತ್ಸೆ ತೆಗೆದುಕೊಂಡವರನ್ನು ಕೂರಿಸಿಕೊಂಡು ಮಾತಾಡಿ. ಡಾಕ್ಟರನ್ನು ಮಾತ್ರ ಕೇಳಿ ಬಿಡಬೇಡಿ. ಅವರ ಸಮಯಕ್ಕೆ ದುಡ್ಡು ಕೊಡಿ, ಫೈಟ್ ಮಾಸ್ಟರ್‌ಗೆ ಕೊಡುತ್ತೀರಲ್ಲ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಂದು ಹಿಂದಿ ಸಿನಿಮಾದ ಪ್ರಕರಣದಲ್ಲಿ, ಅಂಗವೈಕಲ್ಯ ಇರುವವರನ್ನು ತೆರೆಯ ಮೇಲೆ ತೋರಿಸುವಾಗ ಅವರನ್ನೇ ಕೇಳಿ, ಅವಮಾನಿಸುವ ಮಾತು ಬಿಡಿ, ಹಳೆಯ ತಪ್ಪು ಕಲ್ಪನೆಗಳನ್ನು ಬೆಳೆಸಬೇಡಿ ಅಂತ ಮಾರ್ಗಸೂಚಿ ಹೇಳಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮನೋರೋಗವೂ ಇದೆ. ಹಾಗಾಗಿ ಅದು ನಮಗೂ ಸೇರಿದ ಮಾತು. ಕೊಲೆಗಾರ ಯಾರು ಅಂತ ಕೊನೆಗೆ ಗೊತ್ತಾದಾಗ ‘ಅವನಿಗೆ ಹುಚ್ಚು ಇತ್ತು’ ಅಂತ ಒಂದು ಸಾಲಿನಲ್ಲಿ ಮುಗಿಸುವುದನ್ನು ಬಿಡಿ. ಕೊಲ್ಲಲು ದುರಾಸೆ ಸಾಕು, ಆ ಹಾಲಿವುಡ್ ಸಿನಿಮಾದ ಕಳ್ಳರಿಗೂ ಇದ್ದದ್ದು ಅದೇ.

ಕರ್ನಾಟಕ ಚಲನಚಿತ್ರ ಅಕಾಡೆಮಿಯವರಲ್ಲೂ ಒಂದು ಮಾತು. ಚಿತ್ರಕತೆ ಶಿಬಿರವನ್ನು ಒಮ್ಮೆ ಕಲಬುರಗಿಯಲ್ಲಿ ಮಾಡಿ. ನಿಮ್ಹಾನ್ಸ್‌ನಿಂದಲೋ ಧಾರವಾಡದ ಡಿಮ್ಹಾನ್ಸ್‌ನಿಂದಲೋ ಇಬ್ಬರು ಡಾಕ್ಟರನ್ನು ಕರೆಸಿ, ನಮ್ಮ ಕಡೆಯ ನಾಲ್ಕು ಮನೆಯವರನ್ನೂ ಕೂರಿಸಿ. ಬೀದರ್, ಯಾದಗಿರಿ ಹುಡುಗರೂ ಬರುತ್ತಾರೆ. ಇಲ್ಲಿ ಬರೆಯುವವರು ಬಹಳ ಇದ್ದಾರೆ, ಹೇಳಿಕೊಡುವವರು ಇಲ್ಲ.

ನನಗೆ ಸ್ಕ್ರಿಪ್ಟ್ ಕೊಟ್ಟ ಹುಡುಗರು ಇಂಜೆಕ್ಷನ್ ಸೀನ್ ತೆಗೆದಿದ್ದಾರೆ. ಈಗ ಆ ಹುಡುಗಿ ಕೊನೆಯವರೆಗೂ ಡಾಕ್ಟರ್‌ಗೆ ನಂಬರ್ ಹೇಳುವುದಿಲ್ಲ, ತಾನೇ ಪೊಲೀಸರ ಹತ್ತಿರ ಹೋಗುತ್ತೇನೆ ಅನ್ನುತ್ತಾಳೆ. ಮುಂದೆ ಏನಾಗಬೇಕು ಅಂತ ಅವರು ಇನ್ನೂ ಜಗಳ ಆಡುತ್ತಿದ್ದಾರೆ. ಅವರ ಸಿನಿಮಾ ಆಗಲಿ, ನಿಮ್ಮದಾಗಲಿ, ತಯಾರಾದಾಗ ಒಂದು ಕೆಲಸ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಅಂತ ದೊಡ್ಡ ಕನ್ನಡ ಅಕ್ಷರದಲ್ಲಿ, ಇದು ಪುಕ್ಕಟೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ ಅಂತ ಹಾಕಿ. ಹೆಸರುಗಳೆಲ್ಲ ಮುಗಿದ ಮೇಲೆ ಬೇಡ, ಆಗ ಥಿಯೇಟರ್‌ನಲ್ಲಿ ಯಾರೂ ಇರುವುದಿಲ್ಲ. ಇಂಟರ್‌ವಲ್ ಕಾರ್ಡ್ ಬೀಳುವ ಮುಂಚೆ ಹಾಕಿ.

ಇಂತಿ,
ಕಲಬುರಗಿಯ ಒಬ್ಬ ಪ್ರೇಕ್ಷಕಿ